ಸಿಆರ್‌ಪಿ ಹೆಚ್ಚಿದ್ದರೆ ಕಿಡ್ನಿಗೆ ಅಪಾಯವೇ? ಮಧುಮೇಹ ಇರುವವರು ತಿಳಿಯಬೇಕಾದದ್ದು

ನಿಮಗೋ ಮನೆಯ ಹಿರಿಯರಿಗೋ ಸಕ್ಕರೆ ಕಾಯಿಲೆ ಇದೆ. ವರ್ಷಕ್ಕೊಮ್ಮೆ ಎಂದು ‘ಫುಲ್ ಬಾಡಿ ಚೆಕಪ್’ ಮಾಡಿಸಿದ್ದೀರಿ. ವರದಿ ಮೊಬೈಲಿಗೆ ಬಂದಿದೆ. ಅದರಲ್ಲಿ ‘ಸಿಆರ್‌ಪಿ’ ಅಥವಾ ‘ಇಎಸ್‌ಆರ್’ ಎಂಬ ಸಾಲು ಕೆಂಪು ಬಣ್ಣದಲ್ಲಿದೆ. ಅಂತರ್ಜಾಲದಲ್ಲಿ ಹುಡುಕಿದರೆ ‘ದೇಹದಲ್ಲಿ ಉರಿಯೂತ ಹೆಚ್ಚಾಗಿದೆ, ಉರಿಯೂತದಿಂದ ಮಧುಮೇಹಿಗಳ ಕಿಡ್ನಿ ಹಾಳಾಗುತ್ತದೆ’ ಎಂದು ಓದಿ ಎದೆ ಧಸಕ್ಕೆನ್ನುತ್ತದೆ.

ಫಾರ್ಮಸಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥದೇ ವರದಿ ಹಿಡಿದು ಬಂದ ಮಗಳೊಬ್ಬರು ನನಗೆ ಈಗಲೂ ನೆನಪಿದ್ದಾರೆ. “ಅಮ್ಮನಿಗೆ ಇನ್‌ಫ್ಲಮೇಶನ್ ಜಾಸ್ತಿ ಇದೆಯಂತೆ. ಕಿಡ್ನಿಗೆ ತೊಂದರೆಯಾಗುವ ಮೊದಲೇ ಒಂದು ಆ್ಯಂಟಿ-ಇನ್‌ಫ್ಲಮೇಟರಿ ಮಾತ್ರೆ ಕೊಟ್ಟುಬಿಡಿ” ಎಂದು ಕೇಳಿದ್ದರು. ಅಮ್ಮನಿಗೆ ಹದಿನೈದು ವರ್ಷಗಳಿಂದ ಮಧುಮೇಹ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’. ಅವರು ಕೇಳಿದ ಮಾತ್ರೆಯೇ ಆ ಕಿಡ್ನಿಗೆ ಎಲ್ಲಕ್ಕಿಂತ ದೊಡ್ಡ ಅಪಾಯವಾಗಿತ್ತು. ಹನ್ನೆರಡು ಪುಟಗಳ ಆ ವರದಿಯಲ್ಲಿ ಕಿಡ್ನಿಯ ಬಗ್ಗೆ ಮೊದಲು ನೋಡಬೇಕಾದ ಮೂತ್ರ ಪರೀಕ್ಷೆ ಇರಲೇ ಇಲ್ಲ.

ಉರಿಯೂತಕ್ಕೂ ಮಧುಮೇಹದ ಕಿಡ್ನಿ ಕಾಯಿಲೆಗೂ ಸಂಬಂಧ ಇರುವುದು ನಿಜ. ಆದರೆ ಆ ಸಂಬಂಧ ಯಾವ ರೀತಿಯದು, ನಿಮ್ಮ ವರದಿಯ ಸಂಖ್ಯೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಅನಗತ್ಯ ಭಯವೂ ತಪ್ಪುತ್ತದೆ, ಅನಗತ್ಯ ಮಾತ್ರೆಯೂ ತಪ್ಪುತ್ತದೆ.

ಮುಖ್ಯ ಅಂಶಗಳು

• ಸಿಆರ್‌ಪಿ, ಇಎಸ್‌ಆರ್ ಹೆಚ್ಚಿರುವುದು ಕಿಡ್ನಿ ಕಾಯಿಲೆಯ ಗುರುತಲ್ಲ. ಅವು ಸಹಜವಾಗಿದ್ದರೆ ಕಿಡ್ನಿ ಸುರಕ್ಷಿತ ಎಂದೂ ಅರ್ಥವಲ್ಲ.
• ಮಧುಮೇಹ ಇರುವವರ ಕಿಡ್ನಿಯ ಸ್ಥಿತಿ ತಿಳಿಯಲು ಎರಡು ಪರೀಕ್ಷೆ ಬೇಕು: ಮೂತ್ರದ ಎಸಿಆರ್ ಮತ್ತು ರಕ್ತದ ಇಜಿಎಫ್‌ಆರ್.
• ಉರಿಯೂತ ಇಳಿಸಲೆಂದು ನೋವಿನ ಮಾತ್ರೆ ನುಂಗಬೇಡಿ. ಅದು ಕಿಡ್ನಿಯನ್ನು ಕಾಪಾಡುವುದಿಲ್ಲ, ಕೆಡಿಸಬಹುದು.
• ಕಿಡ್ನಿ ಹಾಳಾಗುವುದನ್ನು ನಿಧಾನಗೊಳಿಸುವ ಔಷಧಗಳು ಇಂದು ಲಭ್ಯ ಇವೆ. ಅವು ಬೇಕೇ ಎಂದು ನಿರ್ಧರಿಸಲು ಮೊದಲು ಆ ಎರಡು ಪರೀಕ್ಷೆಗಳಾಗಬೇಕು.

ಉರಿಯೂತ ಎಂದರೆ ಉರಿಯೂ ಅಲ್ಲ, ಊತವೂ ಅಲ್ಲ

ವೈದ್ಯಕೀಯ ಬರಹಗಳನ್ನು ಕನ್ನಡಕ್ಕೆ ತರುವಾಗ ‘ಇನ್‌ಫ್ಲಮೇಶನ್’ ಪದಕ್ಕೆ ‘ಉರಿಯೂತ’ ಎಂದು ಬರೆಯುತ್ತೇವೆ. ಪದ ಚೆನ್ನಾಗಿದೆ, ಆದರೆ ಓದುಗರಿಗೆ ಅದರಲ್ಲಿ ಎರಡು ಗೊಂದಲ. ‘ಉರಿ’ ಎಂದಾಗ ಕೆಲವರಿಗೆ ಉರಿಮೂತ್ರ ನೆನಪಾಗುತ್ತದೆ. ‘ಊತ’ ಎಂದಾಗ ಕಾಲು ಬಾತುಕೊಳ್ಳುವುದು ನೆನಪಾಗುತ್ತದೆ. ಉರಿಮೂತ್ರ ಸಾಮಾನ್ಯವಾಗಿ ಮೂತ್ರನಾಳದ ಸೋಂಕಿನ ಲಕ್ಷಣ. ಕಾಲು ಬಾತುಕೊಳ್ಳುವುದು ದೇಹದಲ್ಲಿ ನೀರು ನಿಂತಿರುವುದರ ಲಕ್ಷಣ; ಅದಕ್ಕೆ ಕಿಡ್ನಿ, ಹೃದಯ, ಯಕೃತ್ತು, ಕೆಲವು ಬಿಪಿ ಮಾತ್ರೆ, ಹೀಗೆ ಹಲವು ಕಾರಣಗಳಿರುತ್ತವೆ. ಎರಡನ್ನೂ ಡಾಕ್ಟರಿಗೆ ತೋರಿಸಬೇಕು. ಆದರೆ ಇಲ್ಲಿ ಹೇಳುತ್ತಿರುವ ಉರಿಯೂತ ಬೇರೆ.

ಸೋಂಕು ತಗುಲಿದಾಗ, ಗಾಯವಾದಾಗ, ಅಂಗಾಂಶ ಹಾಳಾದಾಗ ದೇಹದ ರಕ್ಷಣಾ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ, ಕೆಲವು ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಇದೇ ಉರಿಯೂತ. ಮುಳ್ಳು ಚುಚ್ಚಿದ ಬೆರಳು ಕೆಂಪಗಾಗಿ ಬಿಸಿಯಾಗುವುದು ಇದರಿಂದಲೇ. ಕೆಲಸ ಮುಗಿದ ಮೇಲೆ ಅದು ತಾನಾಗಿಯೇ ಅಡಗುತ್ತದೆ.

ಮಧುಮೇಹ, ಬೊಜ್ಜು, ಧೂಮಪಾನ ಇರುವವರಲ್ಲಿ ಇದು ಪೂರ್ತಿ ಅಡಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಆದರೂ ರಕ್ತದಲ್ಲಿ ಉರಿಯೂತದ ರಾಸಾಯನಿಕಗಳು ಸ್ವಲ್ಪ ಹೆಚ್ಚೇ ಇರುತ್ತವೆ. ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಒಳಗೇ ಇರುವ ಈ ಸ್ಥಿತಿಯನ್ನು ದೀರ್ಘಕಾಲದ ಮಂದ ಉರಿಯೂತ ಎನ್ನುತ್ತಾರೆ.

ಕಿಡ್ನಿಯೊಳಗೆ ಏನಾಗುತ್ತದೆ?

ಪ್ರತಿ ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ. ಎಲ್ಲವೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಹೆಚ್ಚಿನ ಭಾಗ ಮತ್ತೆ ರಕ್ತಕ್ಕೆ ಸೇರುತ್ತದೆ, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ.

ರಕ್ತದ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದಾಗ ಈ ಸೋಸುಕಗಳಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಒಂದು, ಸೋಸುಕದೊಳಗೆ ರಕ್ತದ ಒತ್ತಡ ಏರಿ ಅದರ ಸೂಕ್ಷ್ಮ ಗೋಡೆ ಸವೆಯುತ್ತದೆ. ಇನ್ನೊಂದು, ಹೆಚ್ಚಿನ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಉಂಟಾಗುವ ಪದಾರ್ಥಗಳು ಕಿಡ್ನಿಯ ಜೀವಕೋಶಗಳನ್ನು ಕೆರಳಿಸುತ್ತವೆ. ಕೆರಳಿದ ಕೋಶಗಳು ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಹಾಗೆ ಬಂದ ಕಣಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಇದು ತುಂಬಾ ಕಾಲ ನಡೆದರೆ ಗಾಯ ಮಾಯ್ದಾಗ ಕಲೆ ಉಳಿಯುವಂತೆ ಕಿಡ್ನಿಯಲ್ಲೂ ನಾರಿನಂಥ ಕಲೆ ಬೆಳೆಯುತ್ತದೆ. ಕಲೆಯಾದ ಸೋಸುಕ ಮತ್ತೆ ಕೆಲಸ ಮಾಡುವುದಿಲ್ಲ.

ಹೊಟ್ಟೆಯ ಸುತ್ತಲಿನ ಕೊಬ್ಬು ಕೂಡ ಇವೇ ರಾಸಾಯನಿಕಗಳನ್ನು ರಕ್ತಕ್ಕೆ ಸೇರಿಸುತ್ತದೆ. ಹಾಗಾಗಿ ಉರಿಯೂತ ಕಿಡ್ನಿಯೊಳಗೂ ಹುಟ್ಟುತ್ತದೆ, ಹೊರಗಿನಿಂದಲೂ ಬಂದು ತಲುಪುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಹಂತದಲ್ಲಿ ಕಿಡ್ನಿಯ ತೊಂದರೆ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ಇದಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದಲೇ ಪರೀಕ್ಷೆ ಮುಖ್ಯ, ಅದರಲ್ಲೂ ಸರಿಯಾದ ಪರೀಕ್ಷೆ ಮುಖ್ಯ.

ನಿಮ್ಮ ವರದಿಯಲ್ಲಿ ಕಾಣುವ ಉರಿಯೂತ ಸೂಚಕಗಳು

ಸಿಆರ್‌ಪಿ. ಇದರ ಪೂರ್ಣ ಹೆಸರು ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಇದನ್ನು ಮುಖ್ಯವಾಗಿ ತಯಾರಿಸುವುದು ಯಕೃತ್ತು, ಕಿಡ್ನಿಯಲ್ಲ. ದೇಹದ ಯಾವ ಮೂಲೆಯಲ್ಲಿ ಉರಿಯೂತವಾದರೂ ಇದು ಕೆಲವೇ ಗಂಟೆಗಳಲ್ಲಿ ಏರಲು ಶುರುವಾಗುತ್ತದೆ, ಕಾರಣ ಹೋದ ಮೇಲೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇದು ಹೊಗೆಯಂತೆ. ಎಲ್ಲೋ ಬೆಂಕಿ ಇದೆ ಎಂದು ಹೇಳುತ್ತದೆ, ಯಾವ ಮನೆಯಲ್ಲಿ ಎಂದು ಹೇಳುವುದಿಲ್ಲ. ನೆಗಡಿ, ಹಲ್ಲಿನ ಒಸಡಿನ ಸೋಂಕು, ಕಾಲಿನ ಹುಣ್ಣು, ಸಂಧಿವಾತ, ಬೊಜ್ಜು, ಧೂಮಪಾನ, ಯಾವುದರಿಂದಲೂ ಹೆಚ್ಚಾಗಬಹುದು.

ಎಚ್‌ಎಸ್-ಸಿಆರ್‌ಪಿ. ಅದೇ ಪ್ರೋಟೀನನ್ನು ಸಣ್ಣ ಪ್ರಮಾಣದಲ್ಲೂ ನಿಖರವಾಗಿ ಅಳೆಯುವ ಪರೀಕ್ಷೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂಬ ಮೂರು ಹಂತಗಳನ್ನು ವರದಿಯಲ್ಲಿ ನೋಡಿರುತ್ತೀರಿ. ಈ ಹಂತಗಳನ್ನು ಮಾಡಿರುವುದು ಹೃದಯದ ಅಪಾಯ ಅಂದಾಜಿಸಲು. ಕಿಡ್ನಿಗೆಂದು ಮಾಡಿದ ಅಳತೆಗೋಲು ಇದಲ್ಲ. 10ಕ್ಕಿಂತ ಹೆಚ್ಚು ಬಂದರೆ ಸೋಂಕು ಅಥವಾ ಬೇರೆ ಉರಿಯೂತ ಇದೆಯೇ ಎಂದು ನೋಡಿ, ಅದು ಗುಣವಾದ ಮೇಲೆ ಮತ್ತೆ ಪರೀಕ್ಷಿಸುವುದು ರೂಢಿ.

ಇಲ್ಲೊಂದು ಎಚ್ಚರಿಕೆ. ಕೆಲವು ಲ್ಯಾಬ್‌ಗಳು ಲೀಟರಿನ ಲೆಕ್ಕ ಕೊಡುತ್ತವೆ, ಕೆಲವು ಡೆಸಿಲೀಟರಿನ ಲೆಕ್ಕ. ಡೆಸಿಲೀಟರಿಗೆ 0.6 ಎಂದರೂ ಲೀಟರಿಗೆ 6 ಎಂದರೂ ಒಂದೇ. ಪುಣೆಯ ವರದಿಯನ್ನು ಹುಬ್ಬಳ್ಳಿಯ ವರದಿಯ ಪಕ್ಕ ಇಟ್ಟು ‘ಹತ್ತು ಪಟ್ಟು ಏರಿದೆ’ ಎಂದು ಗಾಬರಿಯಾಗುವ ಮೊದಲು ಸಂಖ್ಯೆಯ ಪಕ್ಕದ ಮಾನ ನೋಡಿ.

ಇಎಸ್‌ಆರ್. ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗೆ ಇಳಿಯುತ್ತವೆ ಎಂಬ ಹಳೆಯ, ಅಗ್ಗದ ಪರೀಕ್ಷೆ. ವಯಸ್ಸಾದಂತೆ ಇದು ಸಹಜವಾಗಿಯೇ ಹೆಚ್ಚುತ್ತದೆ. ರಕ್ತಹೀನತೆ ಇದ್ದರೂ ಹೆಚ್ಚುತ್ತದೆ. ಇದೊಂದರಿಂದಲೇ ಯಾವ ತೀರ್ಮಾನಕ್ಕೂ ಬರಲಾಗದು.

ಎನ್‌ಎಲ್‌ಆರ್. ಸಾಮಾನ್ಯ ಸಿಬಿಸಿ ವರದಿಯಲ್ಲಿ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ಕಣಗಳ ಪ್ರಮಾಣ ಇರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದು ಎನ್‌ಎಲ್‌ಆರ್. ಉದಾಹರಣೆಗೆ 70ನ್ನು 25ರಿಂದ ಭಾಗಿಸಿದರೆ 2.8. ಮಧುಮೇಹದ ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಅನುಪಾತ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಗಮನಿಸಿವೆ. ಆದರೆ ಸೋಂಕು, ಸ್ಟಿರಾಯ್ಡ್, ಮಾನಸಿಕ ಹಾಗೂ ದೈಹಿಕ ಒತ್ತಡದಿಂದಲೂ ಇದು ಏರುತ್ತದೆ. ‘ಇಷ್ಟು ದಾಟಿದರೆ ಕಿಡ್ನಿಗೆ ಅಪಾಯ’ ಎಂಬ ಒಪ್ಪಿತ ಗಡಿ ಇದಕ್ಕಿಲ್ಲ.

ಇನ್ನೊಂದು ಮಾತು ನೆನಪಿರಲಿ. ಕಿಡ್ನಿ ಕಾಯಿಲೆ ಮುಂದುವರಿದವರಲ್ಲಿ, ಡಯಾಲಿಸಿಸ್‌ನಲ್ಲಿರುವವರಲ್ಲಿ ಸಿಆರ್‌ಪಿ ಹೆಚ್ಚಾಗಿರುವುದು ಸಾಮಾನ್ಯ. ಅಂದರೆ ಉರಿಯೂತದಿಂದ ಕಿಡ್ನಿ ಕೆಡುವುದೂ ಉಂಟು, ಕಿಡ್ನಿ ಕೆಟ್ಟಿದ್ದರಿಂದ ಉರಿಯೂತ ಹೆಚ್ಚುವುದೂ ಉಂಟು. ಒಂದು ಸಂಖ್ಯೆ ನೋಡಿ ಯಾವುದು ಮೊದಲು ಎಂದು ಹೇಳಲಾಗದು.

ಸಂಶೋಧನೆ ಏನು ಹೇಳುತ್ತದೆ?

ಹಾಗಾದರೆ ಉರಿಯೂತದ ಸೂಚಕಗಳಿಂದ ಕಿಡ್ನಿಯ ಭವಿಷ್ಯ ಹೇಳಲು ಸಾಧ್ಯವೇ ಇಲ್ಲವೇ? ಸಾಧ್ಯ ಎನ್ನುವ ಗಟ್ಟಿ ಸುಳಿವು ಸಿಕ್ಕಿದೆ. ಆದರೆ ಆ ಸೂಚಕಗಳು ನಮ್ಮ ಚೆಕಪ್ ಪ್ಯಾಕೇಜಿನಲ್ಲಿರುವಂಥವಲ್ಲ.

ಅಮೆರಿಕದ ಬಾಸ್ಟನ್‌ನಲ್ಲಿರುವ ಜೋಸ್ಲಿನ್ ಮಧುಮೇಹ ಕೇಂದ್ರದ ಸಂಶೋಧಕರು 2012ರಲ್ಲಿ ಎರಡು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ್ದು ರಕ್ತದಲ್ಲಿ ಓಡಾಡುವ ಟಿಎನ್‌ಎಫ್ ಗ್ರಾಹಕ-1 ಮತ್ತು ಗ್ರಾಹಕ-2 ಎಂಬ ಪ್ರೋಟೀನುಗಳನ್ನು. ಟೈಪ್ 2 ಮಧುಮೇಹದ 410 ಮಂದಿಯನ್ನು ದೀರ್ಘಕಾಲ ಗಮನಿಸಿದಾಗ, ಗ್ರಾಹಕ-1 ಅತಿ ಹೆಚ್ಚಿದ್ದ ಕಾಲು ಭಾಗದ ಜನರಲ್ಲಿ 12 ವರ್ಷಗಳಲ್ಲಿ ಶೇ 54ರಷ್ಟು ಮಂದಿಯ ಕಿಡ್ನಿ ಪೂರ್ಣ ವಿಫಲವಾಗಿತ್ತು. ಉಳಿದವರಲ್ಲಿ ಅದು ಶೇ 3 ಮಾತ್ರ. 2019ರಲ್ಲಿ ಇದೇ ಕೇಂದ್ರದ ನೇತೃತ್ವದ ತಂಡ 194 ಉರಿಯೂತ ಪ್ರೋಟೀನುಗಳನ್ನು ಪರೀಕ್ಷಿಸಿ, ಕಿಡ್ನಿ ವೈಫಲ್ಯದ ಅಪಾಯದೊಂದಿಗೆ ಸಂಬಂಧವಿರುವ 17ನ್ನು ಗುರುತಿಸಿತು. 2023ರಲ್ಲಿ ಅಮೆರಿಕದ ಎಫ್‌ಡಿಎ, ಈ ಎರಡು ಗ್ರಾಹಕಗಳ ಜೊತೆ ಇನ್ನೊಂದು ಪ್ರೋಟೀನನ್ನೂ ರೋಗಿಯ ಇತರ ಮಾಹಿತಿಯನ್ನೂ ಸೇರಿಸಿ ಅಪಾಯ ಲೆಕ್ಕ ಹಾಕುವ ಒಂದು ಪರೀಕ್ಷೆಗೆ ಅನುಮತಿ ನೀಡಿತು. ಅದು ಟೈಪ್ 2 ಮಧುಮೇಹದ ಜೊತೆಗೆ ಈಗಾಗಲೇ ಆರಂಭಿಕ ಹಂತದ ಕಿಡ್ನಿ ಕಾಯಿಲೆ ಇರುವವರಿಗಾಗಿ.

ಇದರಿಂದ ನೀವು ತಿಳಿಯಬೇಕಾದದ್ದು ಇಷ್ಟು. ಉರಿಯೂತ ಕಿಡ್ನಿ ಕಾಯಿಲೆಯ ಒಂದು ಮುಖ್ಯ ದಾರಿ ಎಂಬುದು ಊಹೆಯಲ್ಲ. ಆದರೆ ಸಿಆರ್‌ಪಿ ಆ ದಾರಿಯ ಒಳ್ಳೆಯ ಸೂಚಕವಲ್ಲ. ಅದರ ವಿಷಯದಲ್ಲಿ ಬೇರೆ ಬೇರೆ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ಹೊಸ ಪರೀಕ್ಷೆಗಳು ಇನ್ನೂ ದಿನನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ಅವುಗಳಿಗಾಗಿ ಕಾಯುವ ಅಗತ್ಯವೂ ಇಲ್ಲ, ಏಕೆಂದರೆ ಅಗ್ಗದಲ್ಲಿ ಎಲ್ಲೆಡೆ ಸಿಗುವ ಎರಡು ಪರೀಕ್ಷೆಗಳು ಈಗಲೇ ಬೇಕಾದಷ್ಟು ಹೇಳುತ್ತವೆ.

ಕಿಡ್ನಿಯ ಬಗ್ಗೆ ಹೇಳುವ ಎರಡು ಪರೀಕ್ಷೆಗಳು

1. ಮೂತ್ರದ ಎಸಿಆರ್. ಆಲ್ಬುಮಿನ್ ಎಂಬ ಪ್ರೋಟೀನಿಗೂ ಕ್ರಿಯಾಟಿನಿನ್‌ಗೂ ಇರುವ ಅನುಪಾತ ಇದು. ಸೋಸುಕ ಸರಿಯಿದ್ದರೆ ಆಲ್ಬುಮಿನ್ ಮೂತ್ರಕ್ಕೆ ಇಳಿಯುವುದಿಲ್ಲ. ಗೋಡೆ ಸವೆದಾಗ ಸೋರಲು ಶುರುವಾಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ

• 30 ಮಿಲಿಗ್ರಾಂಗಿಂತ ಕಡಿಮೆ: ಸಹಜ
• 30ರಿಂದ 300: ಸೋರಿಕೆ ಶುರುವಾಗಿದೆ
• 300ಕ್ಕಿಂತ ಹೆಚ್ಚು: ಸೋರಿಕೆ ತೀವ್ರವಾಗಿದೆ

ಸಾಮಾನ್ಯ ‘ಯೂರಿನ್ ರೊಟೀನ್’ ಪರೀಕ್ಷೆಯ ಪಟ್ಟಿಗೆ ಆರಂಭದ ಸಣ್ಣ ಸೋರಿಕೆ ಸಿಗುವುದಿಲ್ಲ. ಅದರಲ್ಲಿ ‘ಪ್ರೋಟೀನ್ ಇಲ್ಲ’ ಎಂದಿದ್ದರೂ ಎಸಿಆರ್ ಹೆಚ್ಚಿರಬಹುದು. ಕೆಲವು ಲ್ಯಾಬ್‌ಗಳು ‘ಮೈಕ್ರೋಆಲ್ಬುಮಿನ್’ ಎಂದು ಆಲ್ಬುಮಿನ್ ಒಂದನ್ನೇ ಅಳೆಯುತ್ತವೆ. ನೀರು ಹೆಚ್ಚು ಕುಡಿದಿದ್ದರೆ ಅದು ಕಡಿಮೆ ತೋರುತ್ತದೆ. ಆದ್ದರಿಂದ ಅನುಪಾತವನ್ನೇ ಕೇಳಿ. ಬೆಳಗಿನ ಮೊದಲ ಮೂತ್ರ ಕೊಡುವುದು ಒಳ್ಳೆಯದು.

ಜ್ವರ, ಮೂತ್ರನಾಳದ ಸೋಂಕು, ಮುಟ್ಟಿನ ದಿನಗಳು, ಹಿಂದಿನ ದಿನದ ಕಠಿಣ ವ್ಯಾಯಾಮ, ತೀರಾ ಏರಿದ ಸಕ್ಕರೆ ಅಥವಾ ಬಿಪಿಯಿಂದ ಎಸಿಆರ್ ತಾತ್ಕಾಲಿಕವಾಗಿ ಹೆಚ್ಚಬಹುದು. ಹಾಗಾಗಿ ಒಂದೇ ವರದಿಯಿಂದ ತೀರ್ಮಾನ ಬೇಡ. ಮೂರರಿಂದ ಆರು ತಿಂಗಳಲ್ಲಿ ಮಾಡಿಸಿದ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಿ ಹೆಚ್ಚಿದ್ದರೆ ಆಗ ಅದು ನಿಜವಾದ ಸೋರಿಕೆ.

2. ಇಜಿಎಫ್‌ಆರ್. ರಕ್ತದ ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗ ನೋಡಿ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂದು ಲೆಕ್ಕ ಹಾಕುವುದು ಇಜಿಎಫ್‌ಆರ್. ಇದು 60ಕ್ಕಿಂತ ಕಡಿಮೆಯಾಗಿ ಮೂರು ತಿಂಗಳು ಹಾಗೆಯೇ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ.

‘ಕ್ರಿಯಾಟಿನಿನ್ ನಾರ್ಮಲ್ ಇದೆ’ ಎಂಬ ಮಾತಿಗೆ ಸಮಾಧಾನಪಟ್ಟುಕೊಳ್ಳಬೇಡಿ. ಕ್ರಿಯಾಟಿನಿನ್ 1.1 ಇರುವ 30 ವರ್ಷದ ಪುರುಷರ ಇಜಿಎಫ್‌ಆರ್ ಸುಮಾರು 93. ಅದೇ 1.1 ಇರುವ 62 ವರ್ಷದ ಮಹಿಳೆಯದು ಸುಮಾರು 57. ಕ್ರಿಯಾಟಿನಿನ್ ಒಂದೇ, ಆದರೆ ಕಿಡ್ನಿಯ ಸ್ಥಿತಿ ಬೇರೆ ಬೇರೆ.

ಟೈಪ್ 2 ಮಧುಮೇಹ ಗೊತ್ತಾದ ದಿನದಿಂದಲೇ ಇವೆರಡನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು. ಟೈಪ್ 1 ಆದರೆ ಕಾಯಿಲೆ ಬಂದು ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ. ಸೋರಿಕೆ ಕಂಡುಬಂದಿದ್ದರೆ ಎಷ್ಟು ಸಲ ಎಂದು ಡಾಕ್ಟರ್ ಹೇಳುತ್ತಾರೆ.

ನೋವಿನ ಮಾತ್ರೆ ಏಕೆ ಬೇಡ?

ಡೈಕ್ಲೋಫೆನಾಕ್, ಐಬುಪ್ರೊಫೆನ್, ಏಸ್‌ಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್, ಎಟೋರಿಕಾಕ್ಸಿಬ್ ಇವೆಲ್ಲ ಉರಿಯೂತ ನಿವಾರಕ ನೋವಿನ ಮಾತ್ರೆಗಳು. ಹೆಸರು ಕೇಳಿದರೆ ಕಿಡ್ನಿಯ ಉರಿಯೂತಕ್ಕೂ ಒಳ್ಳೆಯದೇ ಎನಿಸುತ್ತದೆ. ಆಗುವುದು ಇದಕ್ಕೆ ವಿರುದ್ಧ. ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುವ ರಾಸಾಯನಿಕಗಳನ್ನು ಈ ಮಾತ್ರೆಗಳು ತಡೆಯುತ್ತವೆ. ಆಗ ಸೋಸುಕಕ್ಕೆ ರಕ್ತ ಕಡಿಮೆಯಾಗುತ್ತದೆ.

ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಅದರ ಮೇಲೆ ನೀರಿನ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ, ಈ ಮೂರೂ ಒಟ್ಟಾದಾಗ ಅಪಾಯ ಹೆಚ್ಚು. ಜೊತೆಗೆ ಭೇದಿ, ವಾಂತಿ ಅಥವಾ ಜ್ವರದಿಂದ ದೇಹದಲ್ಲಿ ನೀರು ಕಡಿಮೆಯಾಗಿದ್ದರೆ ಕೆಲವೇ ದಿನಗಳಲ್ಲಿ ಕಿಡ್ನಿಗೆ ತೀವ್ರ ಪೆಟ್ಟು ಬೀಳಬಹುದು.

ಕೌಂಟರಿನ ಅನುಭವದಿಂದ ಕೆಲವು ಮಾತು:

• ಬ್ರ್ಯಾಂಡ್ ಹೆಸರು ನಂಬಬೇಡಿ, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ. ‘ಇದು ಪ್ಯಾರಾಸಿಟಮಾಲ್ ಅಷ್ಟೇ’ ಎಂದು ಕೊಳ್ಳುವ ಎಷ್ಟೋ ಮಾತ್ರೆಗಳಲ್ಲಿ ಏಸ್‌ಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಬೆರೆತಿರುತ್ತದೆ.
• ಮಂಡಿನೋವು, ಸೊಂಟನೋವು, ಜ್ವರಕ್ಕೆ ಮಾತ್ರೆ ಬೇಕಾದಾಗ ‘ಮಧುಮೇಹ ಇದೆ, ಕಿಡ್ನಿಗೆ ಸುರಕ್ಷಿತವಾದದ್ದು ಬೇಕು’ ಎಂದು ಹೇಳಿ. ಬರಿಯ ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ. ಯಕೃತ್ತಿನ ತೊಂದರೆ ಇದ್ದರೆ ಅದಕ್ಕೂ ಡಾಕ್ಟರನ್ನು ಕೇಳಿ.
• ಹೃದಯಕ್ಕಾಗಿ ಡಾಕ್ಟರ್ ಬರೆದುಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಅನ್ನು ಇದನ್ನು ಓದಿ ನಿಲ್ಲಿಸಬೇಡಿ. ಅದರ ಉದ್ದೇಶ ಬೇರೆ, ಪ್ರಮಾಣ ಬೇರೆ.
• ಸ್ಟಿರಾಯ್ಡ್ ನುಂಗಿದರೆ ಸಿಆರ್‌ಪಿ ಇಳಿಯುತ್ತದೆ, ಸಕ್ಕರೆ ಏರುತ್ತದೆ. ಹೆಸರಿಲ್ಲದ ಪುಡಿ, ಪೊಟ್ಟಣದ ‘ವಾತದ ಔಷಧ’ಗಳಲ್ಲಿ ಹೇಳದೆ ಸ್ಟಿರಾಯ್ಡ್ ಬೆರೆಸಿರುವುದುಂಟು. ಅವುಗಳಿಂದ ದೂರವಿರಿ.
• ಅಡುಗೆಗೆ ಹಾಕುವ ಅರಿಸಿನಕ್ಕೆ ಹೆದರಬೇಕಿಲ್ಲ. ಆದರೆ ಹೆಚ್ಚು ಪ್ರಮಾಣದ ಅರಿಸಿನದ ಕ್ಯಾಪ್ಸೂಲ್ ಬೇರೆ ವಿಷಯ. ಅರಿಸಿನದಲ್ಲಿ ಆಕ್ಸಲೇಟ್ ಹೆಚ್ಚು. ಕ್ಯಾಪ್ಸೂಲುಗಳಿಂದ ಕೆಲವರಿಗೆ ಯಕೃತ್ತಿಗೆ ಹಾನಿಯಾದದ್ದೂ ವರದಿಯಾಗಿದೆ. ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಸಂಖ್ಯೆ ಸುಧಾರಿಸಿದರೆ ರೋಗಿ ಸುಧಾರಿಸಿದಂತೆ ಅಲ್ಲ ಎಂಬುದಕ್ಕೆ ಒಂದು ಪಾಠವಿದೆ. ಬಾರ್ಡೊಕ್ಸೊಲೋನ್ ಎಂಬ, ಉರಿಯೂತವನ್ನು ತಗ್ಗಿಸುವ ಉದ್ದೇಶದ ಔಷಧವನ್ನು ಟೈಪ್ 2 ಮಧುಮೇಹ ಮತ್ತು ಮುಂದುವರಿದ ಕಿಡ್ನಿ ಕಾಯಿಲೆ ಇದ್ದವರಲ್ಲಿ ಪರೀಕ್ಷಿಸಲಾಯಿತು. ಇಜಿಎಫ್‌ಆರ್ ಏರಿತು. ಆದರೆ ಹೃದಯ ವೈಫಲ್ಯದ ಪ್ರಕರಣಗಳೂ ಹೆಚ್ಚಿದವು. 2012ರಲ್ಲಿ ಆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಹಾಗಾದರೆ ಕಿಡ್ನಿಯನ್ನು ಕಾಪಾಡುವುದು ಯಾವುದು?

ದೊಡ್ಡ ಪ್ರಯೋಗಗಳಲ್ಲಿ ಕಿಡ್ನಿ ವೈಫಲ್ಯವನ್ನು ನಿಜಕ್ಕೂ ತಡೆದ ಅಥವಾ ಮುಂದೂಡಿದ ಔಷಧಗಳು ಇವು. ಇವುಗಳಲ್ಲಿ ಕೆಲವು ಉರಿಯೂತವನ್ನೂ ಕಡಿಮೆ ಮಾಡುತ್ತವೆ. ಆದರೆ ಇವನ್ನು ಕೊಡುವುದು ಸಿಆರ್‌ಪಿ ಇಳಿಸಲೆಂದಲ್ಲ, ಕಿಡ್ನಿ ಉಳಿಸಲೆಂದು.

• ಲೋಸಾರ್ಟಾನ್, ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಗುಂಪು. ಸೋಸುಕದೊಳಗಿನ ಒತ್ತಡ ಇಳಿಸುತ್ತವೆ. ಲೋಸಾರ್ಟಾನ್ ಮತ್ತು ಇರ್ಬೆಸಾರ್ಟಾನ್ ಕಿಡ್ನಿಯನ್ನು ಕಾಪಾಡುತ್ತವೆ ಎಂಬುದು 2001ರಲ್ಲೇ ಸಾಬೀತಾಗಿದೆ. ಗರ್ಭಿಣಿಯರು ಈ ಗುಂಪಿನ ಔಷಧ ತೆಗೆದುಕೊಳ್ಳಬಾರದು.
• ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪು. ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಸೋಸುಕದ ಒತ್ತಡವನ್ನೂ ಇಳಿಸುತ್ತವೆ. 2019ರಿಂದ 2022ರವರೆಗೆ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳ ಫಲಿತಾಂಶ ಇವುಗಳ ಪರವಾಗಿತ್ತು. ಭಾರತದಲ್ಲಿ ಎರಡರ ಜೆನೆರಿಕ್‌ಗಳೂ ಬಂದಿರುವುದರಿಂದ ಬೆಲೆ ಬಹಳ ಇಳಿದಿದೆ. ಜನನಾಂಗದ ಶಿಲೀಂಧ್ರ ಸೋಂಕು ಆಗಬಹುದು, ಸ್ವಚ್ಛತೆ ಮುಖ್ಯ.
• ಫಿನರೆನೋನ್. 2020ರಲ್ಲಿ ಫಲಿತಾಂಶ ಬಂದ ಔಷಧ. ಕಿಡ್ನಿಯಲ್ಲಿ ಉರಿಯೂತ ಮತ್ತು ಕಲೆಗೆ ಕಾರಣವಾಗುವ ಒಂದು ಗ್ರಾಹಕವನ್ನು ತಡೆಯುತ್ತದೆ. ರಕ್ತದ ಪೊಟ್ಯಾಸಿಯಂ ಏರಬಹುದಾದ್ದರಿಂದ ಅದನ್ನು ಆಗಾಗ ಪರೀಕ್ಷಿಸಬೇಕು.
• ಸೆಮಾಗ್ಲುಟೈಡ್. 2024ರ ‘ಫ್ಲೋ’ ಪ್ರಯೋಗದಲ್ಲಿ ಕಿಡ್ನಿಯ ಗಂಭೀರ ತೊಂದರೆಗಳು ಮತ್ತು ಹೃದಯ ಅಥವಾ ಕಿಡ್ನಿ ಸಂಬಂಧಿ ಸಾವಿನ ಒಟ್ಟು ಅಪಾಯವನ್ನು ಶೇ 24ರಷ್ಟು ಕಡಿಮೆ ಮಾಡಿತು.

ಇವುಗಳಲ್ಲಿ ಯಾವುದು, ಎಷ್ಟು ಎಂಬುದು ಡಾಕ್ಟರ ನಿರ್ಧಾರ. ಈ ಕೆಲವು ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಅದನ್ನು ಕಂಡು ‘ಕಿಡ್ನಿ ಕೆಟ್ಟಿತು’ ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ, ವರದಿ ತೋರಿಸಿ. ಹಾಗೆಯೇ ವಾಂತಿ-ಭೇದಿ ಇದ್ದಾಗ, ಊಟ ಬಿಟ್ಟು ಉಪವಾಸ ಮಾಡುವಾಗ, ಶಸ್ತ್ರಚಿಕಿತ್ಸೆಗೆ ಮೊದಲು ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಏಕಾದಶಿ, ನವರಾತ್ರಿ, ರಂಜಾನ್ ಉಪವಾಸ ಮಾಡುವವರಿಗೆ ಇದು ಮುಖ್ಯ.

ಮನೆಯಲ್ಲಿ ನೀವು ಮಾಡಬಹುದಾದದ್ದು

• ಬಿಪಿ 130/80ಕ್ಕಿಂತ ಕೆಳಗಿರಲಿ. ಎಚ್‌ಬಿಎ1ಸಿ ಹೆಚ್ಚಿನವರಿಗೆ ಸುಮಾರು 7. ವಯಸ್ಸಾದವರಿಗೆ ಎಷ್ಟಿರಬೇಕು ಎಂದು ಡಾಕ್ಟರ್ ಹೇಳುತ್ತಾರೆ.
• ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಉಪ್ಪೂ ಇದರಲ್ಲೇ ಸೇರಿತು.
• ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಮೇಲೆ ಹೇಳಿದ ಬಿಪಿ ಮಾತ್ರೆ ಅಥವಾ ಫಿನರೆನೋನ್ ತೆಗೆದುಕೊಳ್ಳುವವರು ಕೇಳದೆ ಬಳಸಬೇಡಿ.
• ಬೀಡಿ, ಸಿಗರೇಟು, ತಂಬಾಕು ಬಿಡಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಸೊಂಟದ ಸುತ್ತಳತೆ ಇಳಿದರೆ ಉರಿಯೂತವೂ ಇಳಿಯುತ್ತದೆ.
• ಒಸಡಿನಲ್ಲಿ ರಕ್ತ ಬರುತ್ತಿದ್ದರೆ ದಂತವೈದ್ಯರನ್ನು ನೋಡಿ. ಒಸಡಿನ ಕಾಯಿಲೆಗೆ ಚಿಕಿತ್ಸೆಯಾದರೆ ಸಕ್ಕರೆಯ ನಿಯಂತ್ರಣವೂ ಸ್ವಲ್ಪ ಸುಧಾರಿಸುತ್ತದೆ.
• ದಿನವೂ ಪಾದ ನೋಡಿಕೊಳ್ಳಿ. ಗೊತ್ತಿಲ್ಲದೇ ಆದ ಹುಣ್ಣು ಸಿಆರ್‌ಪಿ ಏರಿಕೆಗೆ ಒಂದು ಸಾಮಾನ್ಯ ಕಾರಣ.

ಆರೈಕೆ ಮಾಡುವವರಿಗೆ

ಊರಿನಿಂದ ಅಪ್ಪ ಅಮ್ಮ ಮುಂಬೈಗೋ ಹೈದರಾಬಾದಿಗೋ ನಿಮ್ಮ ಮನೆಗೆ ಬಂದಿದ್ದರೆ ಅವರ ಔಷಧದ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ಮಂಡಿನೋವಿಗೆಂದು ಊರಿನ ಅಂಗಡಿಯಲ್ಲಿ ಕೊಂಡ ಸ್ಟ್ರಿಪ್ ಅದರಲ್ಲಿ ಇದ್ದೇ ಇರುತ್ತದೆ. ಬಯ್ಯಬೇಡಿ. ಎಲ್ಲ ಸ್ಟ್ರಿಪ್‌ಗಳ ಎರಡೂ ಬದಿಯ ಫೋಟೋ ತೆಗೆದುಕೊಂಡು ಡಾಕ್ಟರಿಗೆ ತೋರಿಸಿ. ನೋವು ನಿಜವಾದದ್ದು, ಅದಕ್ಕೆ ಬೇರೆ ದಾರಿ ಕೇಳಿ.

ಡಾಕ್ಟರಿಗೆ ಕನ್ನಡ ಬರದಿದ್ದರೂ ತೊಂದರೆಯಿಲ್ಲ. ‘ಎಸಿಆರ್’, ‘ಇಜಿಎಫ್‌ಆರ್’ ಎಂಬ ಎರಡು ಹೆಸರು ಯಾವ ಊರಿನಲ್ಲೂ ಅರ್ಥವಾಗುತ್ತವೆ. ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ಈ ವರ್ಷ ಎಸಿಆರ್ ಮಾಡಿಸಿದ್ದೇವೆಯೇ? ಕಳೆದ ಸಲಕ್ಕಿಂತ ಏನು ಬದಲಾಗಿದೆ?
2. ಇಜಿಎಫ್‌ಆರ್ ಎಷ್ಟಿದೆ? ಅದಕ್ಕೆ ತಕ್ಕಂತೆ ಮೆಟ್‌ಫಾರ್ಮಿನ್ ಮುಂತಾದ ಮಾತ್ರೆಗಳ ಪ್ರಮಾಣ ಬದಲಿಸಬೇಕೇ?
3. ಸಿಆರ್‌ಪಿ ಹೆಚ್ಚಿರುವುದಕ್ಕೆ ಸೋಂಕು, ಒಸಡು, ಪಾದ, ಕೀಲು ಯಾವುದಾದರೂ ಕಾರಣವೇ? ಮತ್ತೆ ಯಾವಾಗ ನೋಡಬೇಕು?
4. ಕಿಡ್ನಿ ಕಾಪಾಡುವ ಔಷಧ ಇವರಿಗೆ ಬೇಕೇ?
5. ನೋವು, ಜ್ವರ ಬಂದರೆ ಯಾವ ಮಾತ್ರೆ ಕೊಡಬಹುದು?

ಮೂತ್ರ ತೀರಾ ಕಡಿಮೆಯಾದರೆ, ಮುಖ ಅಥವಾ ಕಾಲು ಬಾತುಕೊಂಡರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ, ಚಳಿಜ್ವರದ ಜೊತೆ ಪಕ್ಕೆ ನೋವಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಅಂದು ಕೌಂಟರಿಗೆ ಬಂದಿದ್ದ ಆ ಮಗಳಿಗೆ ನಾನು ಮಾತ್ರೆ ಕೊಡಲಿಲ್ಲ. ಒಂದು ಚೀಟಿಯಲ್ಲಿ ‘ಯೂರಿನ್ ಎಸಿಆರ್’ ಎಂದು ಬರೆದುಕೊಟ್ಟು, ಅದನ್ನು ಡಾಕ್ಟರಿಗೆ ತೋರಿಸಿ ಎಂದೆ. ನಿಮ್ಮ ಕೈಯಲ್ಲಿ ಈಗ ವರದಿ ಇದ್ದರೆ ಕೆಂಪು ಸಾಲನ್ನು ಸ್ವಲ್ಪ ಬದಿಗಿಟ್ಟು ಮೊದಲು ಆ ಪರೀಕ್ಷೆ ಅದರಲ್ಲಿದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಈ ವಾರವೇ ಮಾಡಿಸಿ.

ಗಮನಿಸಿ: ಈ ಲೇಖನ ತಿಳಿವಳಿಕೆಗಾಗಿ. ನಿಮ್ಮ ಔಷಧ ಶುರು ಮಾಡುವುದು, ನಿಲ್ಲಿಸುವುದು, ಬದಲಿಸುವುದು ನಿಮ್ಮ ವೈದ್ಯರ ಸಲಹೆಯಂತೆಯೇ ಆಗಲಿ.